ಸಂತನ ಕುದುರೆಗೆ ಒಂದು ಟರ್ನಿಪ್

ಫೆಬ್ರವರಿ 6, ಮಂಗಳವಾರ

ಹುಟ್ಟುಹಬ್ಬಕ್ಕೆ ಹೆಂಡತಿ ಮಾರ್ಲೀಸ್ ಕೊಟ್ಟ ಈ ದಿನಚರಿ ಇಷ್ಟು ದಿನ ಖಾಲಿ ಬಿದ್ದಿತ್ತು. ಬರೆಯುವಂಥದ್ದು ಏನೂ ನಡೆದಿರಲಿಲ್ಲ. ಇವತ್ತು ನಡೆಯಿತು. ನನ್ನನ್ನು ಕುದುರೆ ತಿನ್ನಲಿದೆ.

ಕ್ರಮವಾಗಿ ಬರೆಯುತ್ತೇನೆ. ಅರ್ಧ ಆಯುಷ್ಯವನ್ನು ಗೆಂಟ್ ನಗರದ ರಂಗಭೂಮಿಯಲ್ಲಿ ಕಳೆದ ನಟ ನಾನು, ಫಿರ್ಮಿನ್. ಈಗ ಮಕ್ಕಳ ಕಾರ್ಟೂನಿನಲ್ಲಿ ಟರ್ನಿಪ್ ಗಡ್ಡೆಯ ಧ್ವನಿ. ಧಾರಾವಾಹಿಯ ಹೆಸರು 'ಬುಟ್ಟಿ ಹಡಗು'. ಸಂತೆಯಲ್ಲಿ ಮಾರಾಟವಾಗುವ ಮೊದಲೇ ತಪ್ಪಿಸಿಕೊಂಡ ಹಣ್ಣು ತರಕಾರಿಗಳು ಒಂದು ಬುಟ್ಟಿಯಲ್ಲಿ ಕೂತು, ನದಿ ಹಿಡಿದು ಸಮುದ್ರದ ಕಡೆ ಹೊರಟಿವೆ. ಕ್ಯಾರೆಟ್ ಕ್ಯಾಪ್ಟನ್. ಅವಳಿ ಪೇರ್ ಹಣ್ಣುಗಳು ದಿಕ್ಕಿನ ಬಗ್ಗೆ ಜಗಳವಾಡುತ್ತವೆ. ಕತ್ತಲೆಯಲ್ಲಿ ಬೆಳೆದ ಚಿಕೋರಿ ಸೊಪ್ಪಿಗೆ ಬಿಸಿಲು ಬಿದ್ದರೆ ತಲೆ ಸುತ್ತುತ್ತದೆ. ಪುಟಾಣಿ ಕೋಸುಗಳ ಗುಂಪು ಕಡಲ್ಗಳ್ಳರದು. ಇನ್ನು ಟರ್ನಿಪ್. ಎಲ್ಲರೂ ಸಾಹಸಕ್ಕೆ ಹೊರಟಾಗ ಅವನು ಮೂಗಿನಲ್ಲಿ ಹೇಳುವುದು ಒಂದೇ ಮಾತು: "ನೀವು ಹೋಗಿ. ನಾನು ಇಲ್ಲೇ ಕೂತಿರ್ತೀನಿ." ಕೊನೆಗೆ ಹೇಗೋ ಉರುಳಿಕೊಂಡು ಹಿಂದೆಯೇ ಬರುತ್ತಾನೆ. ನನ್ನ ಕಲೆಯೆಲ್ಲ ಈಗ ಇಷ್ಟಕ್ಕೆ ಬಂದು ನಿಂತಿದೆ.

ಇವತ್ತು ಕಾತ್ರೀನ್ ಎಲ್ಲರನ್ನೂ ಕರೆಸಿದ್ದಳು. ಕಥೆ ಅವಳದೇ, ನಿರ್ದೇಶನವೂ ಅವಳದೇ. ಕಳೆದ ಡಿಸೆಂಬರಿನಲ್ಲಿ ಒಂದು ಎಡವಟ್ಟಾಗಿತ್ತಂತೆ. ರಾತ್ರಿ ಕುದುರೆಯೇರಿ ಉಡುಗೊರೆ ತರುವ ಸಂತ ನಿಕೊಲಾಸ್ ಬರುವ ಹಿಂದಿನ ಸಂಜೆ ಮಕ್ಕಳು ಬೂಟಿನಲ್ಲಿ ಅವನ ಕುದುರೆಗೆಂದು ಕ್ಯಾರೆಟ್ ಇಡಬೇಕಲ್ಲ, ಇಡಲಿಲ್ಲ. "ಕ್ಯಾಪ್ಟನ್ನನ್ನ ಕುದುರೆ ತಿಂದುಬಿಡುತ್ತೆ" ಎಂದು ಮನೆಮನೆಯಲ್ಲಿ ಅತ್ತವಂತೆ. ತಾಯಂದಿರೆಲ್ಲ ವಾಹಿನಿಗೆ ಫೋನ್ ಮಾಡಿ ಉಗಿದಿದ್ದಾರೆ. ತರಕಾರಿ ತಿನ್ನಲಿ ಎಂದು ಶುರು ಮಾಡಿದ ಧಾರಾವಾಹಿ, ಈಗ ಮಕ್ಕಳು ತರಕಾರಿಯನ್ನು ಕುದುರೆಗೂ ಕೊಡುತ್ತಿಲ್ಲ. ಈ ಸಲದ ಹಬ್ಬದ ಕಂತಿನಲ್ಲಿ ಇದಕ್ಕೊಂದು ಪರಿಹಾರ ಬೇಕು.

"ಕ್ಯಾರೆಟ್ ಬದಲು ಟರ್ನಿಪ್ ತಾನಾಗೇ ಹೋಗಿ ಬೂಟಿನೊಳಗೆ ಕೂರ್ತಾನೆ," ಎಂದಳು ಕಾತ್ರೀನ್. "ನಮ್ಮಜ್ಜಿ ಕಾಲದಲ್ಲಿ ಟರ್ನಿಪ್ಪನ್ನೂ ಇಡ್ತಿದ್ರು."

"ಆಮೇಲೆ?" ಎಂದೆ.

"ಆಮೇಲೆ ಕುದುರೆ ಬರುತ್ತೆ."

"ಬಂದು?"

"ಫಿರ್ಮಿನ್, ಕುದುರೆ ಬಂದು ಏನ್ ಮಾಡುತ್ತೆ ಅಂತ ನಾನು ಹೇಳ್ಬೇಕಾ?"

ಕ್ಯಾರೆಟ್‌ನ ಧ್ವನಿ ಸೆನ್ನ ಎಂಬ ಹುಡುಗನದು. ಊರಿನ ಬಸ್ಸುಗಳ ಮೇಲೆಲ್ಲ ಅವನ ಮುಖವಿದೆ. ಅವನು ನನ್ನ ಬೆನ್ನು ತಟ್ಟಿ, "ಹಿರಿಯರೇ, ಹುತಾತ್ಮರಾಗೋ ಯೋಗ ಎಲ್ರಿಗೂ ಬರಲ್ಲ," ಎಂದ.

ಅಂದರೆ ಈ ಕಂತಿನ ನಂತರ ಟರ್ನಿಪ್ ಇಲ್ಲ, ನಾನೂ ಇಲ್ಲ. ಒಳ್ಳೆಯದೇ ಆಯಿತು ಎಂದೆ. ಮನೆಗೆ ಬಂದು ಮಾರ್ಲೀಸಳಿಗೂ ಅದನ್ನೇ ಹೇಳಿದೆ. ಅವಳು ಹಂದಿಮಾಂಸ, ಬೇರು ತರಕಾರಿಗಳನ್ನೆಲ್ಲ ಹಾಕಿ ಹುತ್ಸೆಪಾಟ್ ಬೇಯಿಸಿದ್ದಳು. ಎರಡು ತಟ್ಟೆ ತಿಂದೆ.

"ನಿನ್ನ ಬಳಗದವರನ್ನೇ ತಿಂತಿದೀಯಲ್ಲೋ," ಎಂದಳು.

"ನಟ ಬೇರೆ, ತರಕಾರಿ ಬೇರೆ," ಎಂದೆ. ಮೇಲಿಂದ ಇನ್ನೊಂದು ಹೋಳು ಟರ್ನಿಪ್ ಹಾಕಿಸಿಕೊಂಡೆ.

ಫೆಬ್ರವರಿ 11, ಭಾನುವಾರ

ಮಗಳು ಎಲ್ಕಳ ಮನೆಯಲ್ಲಿ ಊಟ. ಮೊಮ್ಮಗಳು ಯೂನಾಳಿಗೆ ಐದು ವರ್ಷ. ಕ್ಯಾರೆಟ್ ಚಿತ್ರದ ಅಂಗಿ, ಕ್ಯಾರೆಟ್ ಚಿತ್ರದ ಕಾಲುಚೀಲ. ಟರ್ನಿಪ್ ತನ್ನ ಅಜ್ಜನೇ ಎಂದು ಅವಳಿಗೆ ಗೊತ್ತಿಲ್ಲ. ಹೇಳಕೂಡದೆಂದು ಮೊದಲ ದಿನವೇ ತಾಕೀತು ಮಾಡಿದ್ದೆ. ಪಕ್ಕದ ಮನೆಯವರಿಗೂ "ಧ್ವನಿ ಕೆಲಸ" ಎಂದಷ್ಟೇ ಹೇಳಿದ್ದೇನೆ. ರೇಡಿಯೋದಲ್ಲಿ ವಾರ್ತೆ ಓದುತ್ತೇನೆಂದು ಅವರು ತಿಳಿದಿರಬೇಕು.

"ಟರ್ನಿಪ್ ಹೇಗೆ ಪುಟ್ಟಿ?" ಎಂದು ಸುಮ್ಮನೆ ಕೇಳಿದೆ.

"ಅವ್ನು ಸೋಮಾರಿ," ಎಂದಳು ಯೂನ. "ಅವ್ನಿಗೆ ಒಂದ್ ಹಲ್ಲು ಬೇರೆ ಇಲ್ಲ."

ಇರುವುದಿಲ್ಲ. ಧ್ವನಿ ಕೊಡುವಾಗ ನನ್ನ ಮುಖವನ್ನು ಕ್ಯಾಮೆರಾದಲ್ಲಿ ಹಿಡಿದು, ಅದನ್ನೇ ನೋಡಿಕೊಂಡು ಚಿತ್ರ ಬರೆಯುತ್ತಾರೆ. ಹುಬ್ಬು ನನ್ನದು, ಜೋಲು ಕೆನ್ನೆ ನನ್ನದು, ಮೇಲೆ ಎಡಗಡೆ ಹಲ್ಲಿಲ್ಲದ ಸಂದಿಯೂ ನನ್ನದೇ. ರಂಗದ ಮೇಲೆ ಕತ್ತಿವರಸೆಯಲ್ಲಿ ಹೋದ ಹಲ್ಲೆಂದು ಎಲ್ಲರಿಗೂ ಹೇಳುತ್ತೇನೆ. ಹೋದದ್ದು ಆಲಿವ್ ಕಾಯಿಯ ಬೀಜ ಕಚ್ಚಿ.

ಫೆಬ್ರವರಿ 27, ಮಂಗಳವಾರ

ನಗರದ ದೊಡ್ಡ ರಂಗಮಂದಿರದಲ್ಲಿ ರಾಜನ ಪಾತ್ರಕ್ಕೆ ಆಯ್ಕೆ ನಡೆಯಿತು. ನಾನೇ ಫೋನ್ ಮಾಡಿ ಕೇಳಿಕೊಂಡು ಹೋಗಿದ್ದೆ. ಟರ್ನಿಪ್ ಹೋದರೇನಂತೆ, ರಾಜ ಬರಲಿ ಎಂದು.

ಸೋತ ರಾಜ ಕೋಟೆ ಬಿಟ್ಟು ಹೊರಡುವ ಭಾಗ. ಓದಿದೆ. ಚೆನ್ನಾಗಿಯೇ ಓದಿದೆ ಎಂದುಕೊಂಡೆ. ಗಡ್ಡದ ನಿರ್ದೇಶಕ ಪೆನ್ನು ಕಚ್ಚುತ್ತ ಕೇಳಿದ: "ಇನ್ನೊಂದ್ಸಲ ಓದ್ತೀರಾ, ಮೂಗು ಬಿಟ್ಟು?"

ಮತ್ತೆ ಓದಿದೆ. ಮೂಗು ಬಿಡಲಿಲ್ಲ. ಮೂಗಿಗೂ ಈಗ ತನ್ನದೇ ಬಾಳು ಇದೆಯೆಂದು ಕಾಣುತ್ತದೆ.

"ತಪ್ಪು ತಿಳೀಬೇಡಿ," ಎಂದ ಆತ. "ನಿಮ್ಮ ರಾಜ ಹೊರಡೋ ಹಾಗೇ ಕಾಣ್ತಿಲ್ಲ. ಅಲ್ಲೇ ಕೂತಿರೋ ಹಾಗೆ ಕಾಣ್ತಾನೆ."

ಮನೆಗೆ ಬಂದು, ನಾಟಕವೇ ಸರಿಯಿಲ್ಲ, ನಾನೇ ಬೇಡವೆಂದೆ ಎಂದು ಹೇಳಿದೆ. ಮಾರ್ಲೀಸ್ ನಂಬಿದಂತೆ ನಟಿಸಿದಳು. ಮನೆಯಲ್ಲಿ ನಿಜವಾದ ಕಲಾವಿದೆ ಅವಳೇ.

ಮಾರ್ಚ್ 13, ಬುಧವಾರ

ನಾಳೆ ನನ್ನ ಸಾವಿನ ಧ್ವನಿಮುದ್ರಣ. ಉಪಾಯ ಸಿದ್ಧವಾಗಿದೆ. ಕೆಟ್ಟದಾಗಿ ಅಭಿನಯಿಸುತ್ತೇನೆ. ದೃಶ್ಯ ಎಷ್ಟು ಸಪ್ಪೆಯಾಗಬೇಕೆಂದರೆ ಕಾತ್ರೀನ್ ತಾನೇ ಹರಿದು ಹಾಕಿ ಬೇರೆ ಬರೆಯಬೇಕು. ಕೆಟ್ಟದಾಗಿ ಅಭಿನಯಿಸುವುದು ನನಗೆ ಕಷ್ಟವೇ? ಈ ಊರಿನ ವಿಮರ್ಶಕರನ್ನು ಕೇಳಿ.

ಮಾರ್ಚ್ 14, ಗುರುವಾರ

ಗಾಜಿನ ಕೋಣೆಯಲ್ಲಿ ನಾನೊಬ್ಬನೇ. ಆಚೆ ಕಾತ್ರೀನ್ ಮತ್ತು ಧ್ವನಿ ಹಿಡಿಯುವ ಹುಡುಗಿ. ಕ್ಯಾರೆಟ್ ಅಳುತ್ತಾನೆ, ಸೆನ್ನನ ಮಾತು ಮೊದಲೇ ಮುದ್ರಣವಾಗಿತ್ತು, ಕಿವಿಯಲ್ಲಿ ಕೇಳಿಸಿದರು. ಟರ್ನಿಪ್ ಬೂಟಿನ ಅಂಚು ಹತ್ತುತ್ತಾನೆ. ಹಿಂದಿರುಗಿ ನೋಡುತ್ತಾನೆ. ಅದೇ ಮಾತು.

ಸಪ್ಪೆಯಾಗಿ ಹೇಳಲೆಂದೇ ಬಾಯಿ ತೆರೆದೆ. ಆದರೆ ಗಾಜಿನಾಚೆಯಿಂದ ಇಬ್ಬರು ನೋಡುತ್ತಿದ್ದರು. ಇಬ್ಬರೆಂದರೂ ಪ್ರೇಕ್ಷಕರೇ ತಾನೆ. ದನಿ ತಾನಾಗಿ ಕೆಳಗಿಳಿಯಿತು. ಒಂದು ಸಣ್ಣ ನಿಲುಗಡೆ ಕೊಟ್ಟೆ. ಅದು ಕಾಗದದಲ್ಲಿರಲಿಲ್ಲ. "ನೀವು ಹೋಗಿ," ಎಂದೆ. ಉಸಿರು ಬಿಟ್ಟೆ. "ನಾನು... ಇಲ್ಲೇ ಕೂತಿರ್ತೀನಿ."

ಆಚೆ ಹುಡುಗಿ ಮೂಗು ಒರೆಸಿಕೊಳ್ಳುತ್ತಿದ್ದಳು. ಕಾತ್ರೀನ್ ಗುಂಡಿ ಒತ್ತಿ, "ಇನ್ನೊಂದ್ಸಲ ಬೇಡ ಫಿರ್ಮಿನ್. ಇದಕ್ಕಿಂತ ಚೆನ್ನಾಗಿ ಯಾರೂ ಮಾಡಕ್ಕಾಗಲ್ಲ," ಎಂದಳು.

ತಲೆ ಬಾಗಿಸಿ ವಂದಿಸಿದೆ. ಟ್ರಾಮ್ ಹತ್ತಿದ ಮೇಲೂ ಮುಖದಲ್ಲಿ ನಗು. ಎರಡು ನಿಲ್ದಾಣ ದಾಟಿದ ಮೇಲೆ ನಾನು ಮಾಡಿದ್ದೇನೆಂದು ಹೊಳೆಯಿತು.

ಮಾರ್ಚ್ 15, ಶುಕ್ರವಾರ

ಗೂಬೆ.

ಏಪ್ರಿಲ್ 9, ಮಂಗಳವಾರ

ಕಾತ್ರೀನಳಿಗೆ ಕೆಲವು ಸಲಹೆ ಕೊಟ್ಟೆ. ಸ್ವಂತ ಕಾರಣವೇನಿಲ್ಲ, ಕಥೆಯ ದೃಷ್ಟಿಯಿಂದ ಮಾತ್ರ. ಕುದುರೆಗೆ ಹಲ್ಲುನೋವು ಬರಬಹುದು. ಅಥವಾ ಬಿಸ್ಕತ್ತಿನ ವಾಸನೆ ಹಿಡಿದು ಪಕ್ಕದ ಮನೆಗೆ ಹೋಗಬಹುದು. ಅಥವಾ ಅದಕ್ಕೆ ಟರ್ನಿಪ್ ಕಂಡರೇ ಆಗದಿರಬಹುದು.

"ಹಲ್ಲುನೋವು ಅಂದ್ರೆ ಮಕ್ಕಳು ಬೂಟಲ್ಲಿ ಮಾತ್ರೆ ಇಡ್ತಾರೆ," ಎಂದಳು. "ಪಕ್ಕದ ಮನೆಗೆ ಹೋದ್ರೆ, ನಮ್ಮನೆಗೆ ಸಂತ ಬರಲ್ವಾ ಅಂತ ಅಳ್ತಾರೆ. ಟರ್ನಿಪ್ ಆಗಲ್ಲ ಅಂದ್ರೆ ಕ್ಯಾರೆಟ್ಟೇ ಇಡ್ಬೇಕಾಗುತ್ತೆ. ಫಿರ್ಮಿನ್, ನಿಮಗೇನಾದ್ರೂ ಬೇಜಾರಾಗಿದ್ಯಾ?"

"ನನಗೇನು ಬೇಜಾರು? ನಾನು ರಂಗಭೂಮಿಯವನು," ಎಂದೆ.

ರಾತ್ರಿಯೂಟಕ್ಕೆ ಈ ಚಳಿಗಾಲದ ಕೊನೆಯ ಹುತ್ಸೆಪಾಟ್. ಟರ್ನಿಪ್ ಹೋಳುಗಳನ್ನು ತಟ್ಟೆಯ ಅಂಚಿಗೆ ಸರಿಸಿದೆ.

"ಏನಾಯ್ತು?" ಎಂದಳು ಮಾರ್ಲೀಸ್.

"ಹೊಟ್ಟೆ ಉಬ್ಬರ."

"ಸಾಲಾಗಿ ಜೋಡಿಸಿಟ್ಟಿದೀಯ."

ನೋಡಿದೆ. ನಿಜ. ಎಲ್ಲವೂ ನನ್ನ ಕಡೆ ಮುಖ ಮಾಡಿದ್ದವು. ಹೊಟ್ಟೆ ಉಬ್ಬರಕ್ಕೆ ವೈದ್ಯರನ್ನು ನೋಡಬೇಕು.

ಮೇ 23, ಗುರುವಾರ

ಬಣ್ಣ ತುಂಬುವ ಮೊದಲು, ಪೆನ್ಸಿಲ್ ಗೆರೆಯ ಕಂತನ್ನೇ ಮಕ್ಕಳಿಗೊಮ್ಮೆ ತೋರಿಸಿ ನೋಡುವುದು ಕಾತ್ರೀನಳ ಪದ್ಧತಿ. ಈ ಸಲ ಯೂನಾಳ ಶಾಲೆ. ಮೊಮ್ಮಗಳನ್ನು ಮನೆಗೆ ಕರೆದೊಯ್ಯಲು ಬಂದ ಅಜ್ಜನಂತೆ ನಾನು ಹಿಂದಿನ ಸಾಲಿನಲ್ಲಿ ಕೂತೆ. ಕುರ್ಚಿ ಐದು ವರ್ಷದವರದು. ಮೊಣಕಾಲು ಗದ್ದಕ್ಕೆ ಬಡಿಯುತ್ತಿತ್ತು.

ಟರ್ನಿಪ್ ಬೂಟು ಹತ್ತಿದ. ಮಾತಾಡಿದ. ಕುದುರೆಯ ನೆರಳು ಬಂತು. ಕರುಂ ಎಂಬ ಸದ್ದು. ಮುಗಿಯಿತು.

ಅಳುತ್ತಾರೆಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಅಳಲಿ ಎಂದೇ ಕಾಯುತ್ತಿದ್ದೆ. ಯಾರೂ ಅಳಲಿಲ್ಲ. ಸಿಟ್ಟಾದರು.

"ಈಗ ಹೇಳಿ ಮಕ್ಕಳೇ," ಎಂದಳು ಕಾತ್ರೀನ್. "ಈ ಸಲ ಕುದುರೆಗೆ ಟರ್ನಿಪ್ ಇಡ್ತೀರಿ ಅಲ್ವಾ?"

"ಇಲ್ಲ!" ಇಡೀ ತರಗತಿ ಕೂಗಿತು.

"ಸಂತ ಯಾಕೆ ಅಂಥ ಕುದುರೆ ಇಟ್ಕೊಂಡಿದಾನೆ?" ಎಂದು ಕನ್ನಡಕದ ಹುಡುಗನೊಬ್ಬ ಎದ್ದುನಿಂತ. "ಅದನ್ನ ಹಿಡಿದು ಪೊಲೀಸ್‌ಗೆ ಕೊಡ್ಬೇಕು."

ಕಾತ್ರೀನ್ ಶಿಕ್ಷಕಿಯನ್ನು ನೋಡಿದಳು. ಶಿಕ್ಷಕಿ ಚಾವಣಿ ನೋಡಿದಳು. ಕುದುರೆ ತಿನ್ನುವುದಿಲ್ಲ ಪುಟ್ಟ, ತಿನ್ನುವುದು ನಿಮ್ಮಪ್ಪ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಮಾತನ್ನು ಮಕ್ಕಳ ಮುಂದೆ ಹೇಳುವ ದೊಡ್ಡವರು ಈ ದೇಶದಲ್ಲಿ ಯಾರೂ ಇಲ್ಲ. ಎರಡು ಸರ್ಕಾರ ಬಿದ್ದರೂ ಆ ಒಂದು ಗುಟ್ಟನ್ನು ಎಲ್ಲ ಪಕ್ಷದವರೂ ಸೇರಿ ಕಾಪಾಡುತ್ತಾರೆ. ಹೀಗಾಗಿ ಕೋಣೆಯಲ್ಲಿದ್ದ ದೊಡ್ಡವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂತೆವು. ಸಂತನ ಕುದುರೆ ಕೊಲೆಗಾರನಾಯಿತು.

ಆಗ ಯೂನ ಎದ್ದಳು. "ಕುದುರೆ ಪೂರ್ತಿ ತಿನ್ನಲ್ಲ," ಎಂದಳು.

"ತಿನ್ನುತ್ತೆ, ಕರುಂ ಅಂತು!"

"ಮುಂಚೆ ಕ್ಯಾರೆಟ್ ಇಟ್ಟಾಗ, ನಮ್ಮನೇಲಿ ಬೆಳಗ್ಗೆ ನೋಡಿದ್ರೆ ಎಲೆ ಇರೋ ಕಡೆ ಬಿಟ್ಟಿತ್ತು. ಯಾವಾಗ್ಲೂ ಬಿಡುತ್ತೆ."

"ನಮ್ಮನೇಲೂ ಬಿಟ್ಟಿತ್ತು!" ಎಂದಿತು ಇನ್ನೊಂದು.

"ನಮ್ಮನೇಲಿ ಒಂದೇ ಒಂದ್ಸಲ ಕಚ್ಚಿ ಉಗಿದುಬಿಟ್ಟಿತ್ತು!"

ಒಬ್ಬೊಬ್ಬರಾಗಿ ಎಲ್ಲರೂ ಸಾಕ್ಷಿ ಹೇಳಿದರು. ಹಸಿ ಕ್ಯಾರೆಟ್ ಕಂಡರಾಗದ ಅಪ್ಪಂದಿರ ಸೋಮಾರಿತನ ಇಡೀ ಬೀದಿಯಲ್ಲಿ ಹೀಗೆ ರುಜುವಾತಾಯಿತು. ಎಲ್ಕಳ ಗಂಡ ಹಿಂದೊಮ್ಮೆ ಎಷ್ಟು ಕಚ್ಚಿದ್ದನೆಂದು ನನಗೂ ನೆನಪಿದೆ. ಇಲಿಯೂ ಅದಕ್ಕಿಂತ ಹೆಚ್ಚು ತಿನ್ನುತ್ತದೆ.

"ಹಾಗಾದ್ರೆ ಟರ್ನಿಪ್ ತಲೆ ಇರುತ್ತೆ," ಎಂದಳು ಯೂನ. "ತಲೆ ಇದ್ರೆ ಬಾಯಿ ಇರುತ್ತೆ."

ಕಾತ್ರೀನ್ ಪರದೆಯ ಮೇಲಿನ ಕೊನೆಯ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಜೊತೆಗೆ ಬಂದಿದ್ದ ಚಿತ್ರ ಬರೆಯುವವನನ್ನು ಕೇಳಿದಳು: "ಅವನ ಬಾಯಿ ಎಲ್ಲಿದೆ?"

"ಮೇಲೇ ಇದೆ," ಎಂದ ಆತ. "ಎಲೆ ಕೆಳಗೇ."

ನನ್ನ ಮೂಗು ಕಟ್ಟಿಕೊಂಡಿತ್ತು. ಶಾಲೆಯಲ್ಲಿ ಸೀಮೆಸುಣ್ಣದ ಧೂಳು ಬಹಳ.

ಜೂನ್ 11, ಮಂಗಳವಾರ

ಹೊಸ ಅಂತ್ಯ. ಕುದುರೆ ಕರುಂ ಎಂದು ಕಚ್ಚುತ್ತದೆ. ಬೆಳಗಾಗುತ್ತದೆ. ಬೂಟಿನೊಳಗೆ ಎಲೆ, ಹುಬ್ಬು, ಬಾಯಿ ಉಳಿದಿವೆ. ಮೈ ಇಲ್ಲ. ಬಾಗಿಲಾಚೆ ಹೊರಡುತ್ತಿರುವ ಕುದುರೆಗೆ ಟರ್ನಿಪ್ ಹೇಳುತ್ತಾನೆ: "ನೀನು ಹೋಗು. ನಾನು ಇಲ್ಲೇ ಕೂತಿರ್ತೀನಿ." ಆಮೇಲೆ ಗೆಳೆಯರು ಅವನನ್ನು ತಟ್ಟೆಯ ನೀರಿನಲ್ಲಿ ಇಡುತ್ತಾರೆ, ಹೊಸ ಎಲೆ ಚಿಗುರುತ್ತದೆ, ಹಡಗು ಮುಂದೆ ಸಾಗುತ್ತದೆ. ಮುಂದಿನ ಸರಣಿಯಲ್ಲೂ ನಾನಿದ್ದೇನೆ, ಅರ್ಧ.

ಮುದ್ರಣಕ್ಕೆ ಕೂತರೆ ಆ ಮಾತು ಬರಲೇ ಇಲ್ಲ. ಆ ಜೋಲು ದನಿಗಾಗಿ ಎಷ್ಟು ತಡಕಾಡಿದರೂ ಸಿಗಲಿಲ್ಲ.

"ಫಿರ್ಮಿನ್, ಯಾಕೋ ತುಂಬಾ ಖುಷಿಯಾಗಿದೀರಿ," ಎಂದಳು ಕಾತ್ರೀನ್.

"ಇಲ್ಲವಲ್ಲ," ಎಂದೆ, ಮಗ್ಗಿ ಒಪ್ಪಿಸುವ ಹುಡುಗನ ದನಿಯಲ್ಲಿ.

ಕೊನೆಗೆ ಸೆನ್ನ ಒಳಗೆ ಬಂದು ನನ್ನ ಕುರ್ಚಿ ಎಳೆದ. "ಅರ್ಧ ಆಳಿಗೆ ಪೂರ್ತಿ ಕುರ್ಚಿ ಯಾಕ್ರೀ ಹಿರಿಯರೇ?" ಎಂದ. ಸಿಟ್ಟು ಬಂತು. ದನಿಯೂ ಬಂತು. ಹುಡುಗ ಅಷ್ಟೇನು ಕೆಟ್ಟವನಲ್ಲ.

ಸೆಪ್ಟೆಂಬರ್ 18, ಬುಧವಾರ

ಗಡ್ಡದ ನಿರ್ದೇಶಕ ಫೋನ್ ಮಾಡಿದ್ದ. ರಾಜನ ಪಾತ್ರದವನು ಕಾಲು ಮುರಿದುಕೊಂಡನಂತೆ. ಮೂಗಿನಲ್ಲಾದರೂ ಪರವಾಗಿಲ್ಲ, ಬನ್ನಿ ಎಂದ. ತಾಲೀಮು ಅಕ್ಟೋಬರ್, ನವೆಂಬರಿನಲ್ಲಿ. ಆಗ ಹೊಸ ಸರಣಿಯ ಮುದ್ರಣವಿದೆ, ಚಿಕೋರಿಗೂ ಟರ್ನಿಪ್ಪಿಗೂ ಒಂದು ದೊಡ್ಡ ಜಗಳದ ಕಂತು. ಆಗುವುದಿಲ್ಲ ಎಂದೆ.

"ಯಾರದು?" ಎಂದಳು ಮಾರ್ಲೀಸ್.

"ಯಾರೋ. ತಪ್ಪು ನಂಬರು."

ನವೆಂಬರ್ 24, ಭಾನುವಾರ

ಹಬ್ಬದ ಕಂತು ಇವತ್ತು ಪ್ರಸಾರವಾಯಿತು. ಎಲ್ಕಳ ಮನೆಯ ಸೋಫಾದಲ್ಲಿ ಎಲ್ಲರೂ, ಯೂನ ನನ್ನ ತೊಡೆಯ ಮೇಲೆ. ಟರ್ನಿಪ್ ಬೂಟು ಹತ್ತುವಾಗ ಅವಳು ನನ್ನ ಹೆಬ್ಬೆರಳು ಹಿಡಿದುಕೊಂಡಳು. ಕುದುರೆ ಬಂದಾಗ, "ಹೆದ್ರಬೇಡ ಅಜ್ಜಾ, ಎಲೆ ಇರೋ ಕಡೆ ತಿನ್ನಲ್ಲ," ಎಂದಳು.

ಕೊನೆಯ ಮಾತಿಗೆ ನನ್ನ ತುಟಿಯೂ ಅಲ್ಲಾಡಿರಬೇಕು. ಮಾರ್ಲೀಸ್ ಮೊಣಕೈಯಿಂದ ತಿವಿದಳು.

ಡಿಸೆಂಬರ್ 5, ಗುರುವಾರ

ಯೂನ ನನ್ನ ಜೊತೆ ಸಂತೆಗೆ ಬಂದು ತಾನೇ ಟರ್ನಿಪ್ ಆರಿಸಿದಳು. ಮಾರುವ ಹೆಂಗಸು, "ಬೆಳಗ್ಗೆಯಿಂದ ಮಕ್ಕಳದ್ದೇ ಗಲಾಟೆ, ಎಲ್ರಿಗೂ ಟರ್ನಿಪ್ಪೇ ಬೇಕಂತೆ. ಏನಾಗಿದೆ ಇವಕ್ಕೆ?" ಎಂದಳು. ನನಗೂ ತಿಳಿಯದು ಎಂದೆ, ಎದೆ ಉಬ್ಬಿಸಿಕೊಂಡು.

ಸಂಜೆ ಯೂನ ಬೂಟಿನಲ್ಲಿ ಗಡ್ಡೆ ಇಟ್ಟು ಬಗ್ಗಿ, "ಸ್ವಲ್ಪ ನೋವಾಗುತ್ತೆ, ಅಷ್ಟೇ," ಎಂದು ಅದಕ್ಕೆ ಸಮಾಧಾನ ಹೇಳಿ ಮಲಗಲು ಹೋದಳು. ಆಮೇಲೆ ಉಡುಗೊರೆ ಜೋಡಿಸಿದೆವು. ಕಿತ್ತಳೆ, ಚಾಕೊಲೇಟು, ಬಿಸ್ಕತ್ತು. ಕಚ್ಚುವ ಕೆಲಸ ಮಾತ್ರ ಉಳಿಯಿತು.

"ನಂಗಾಗಲ್ಲ," ಎಂದ ಅಳಿಯ. "ಕ್ಯಾರೆಟ್ಟೇ ಆಗಲ್ಲ, ಹಸಿ ಟರ್ನಿಪ್ ಎಲ್ಲಿಂದ ತಿನ್ಲಿ?"

"ಅಪ್ಪಾ, ನೀನೇ ಕಚ್ಚು," ಎಂದಳು ಎಲ್ಕ. "ನಿಂದೇ ಪಾತ್ರ ತಾನೆ."

ಮಾರ್ಲೀಸ್ ನನ್ನನ್ನೇ ನೋಡುತ್ತ ನಿಂತಿದ್ದಳು. ನಾನು ಟರ್ನಿಪ್ ಮುಟ್ಟಿ ಎಷ್ಟು ಕಾಲವಾಯಿತೆಂದು ಅವಳೊಬ್ಬಳಿಗೇ ಗೊತ್ತು.

ಗಡ್ಡೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದೆ. ಬಾಯಿ ಎಲ್ಲಿರಬಹುದು? ಎಲೆಯ ಕೆಳಗೆ, ನೇರಳೆ ಬಣ್ಣ ಮುಗಿಯುವಲ್ಲಿ. ಅದಕ್ಕಿಂತ ಎರಡು ಬೆರಳು ಕೆಳಗೆ ಬಾಯಿ ಹಾಕಿದೆ. ಇನ್ನೂ ಸ್ವಲ್ಪ ಕೆಳಗಿರಲಿ ಎಂದು ತೆಗೆದು ಮತ್ತೆ ಹಾಕಿದೆ.

"ಅಯ್ಯೋ, ಕಚ್ಚಪ್ಪಾ, ಬೆಳಗಾಗುತ್ತೆ!" ಎಂದಳು ಎಲ್ಕ.

ಕಚ್ಚಿದೆ. ಹಸಿ ಟರ್ನಿಪ್ ಖಾರ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ.

ಡಿಸೆಂಬರ್ 6, ಶುಕ್ರವಾರ

ರಾತ್ರಿ ಅಲ್ಲೇ ಉಳಿದಿದ್ದೆವು. ಬೆಳಗ್ಗೆ ಯೂನಾಳ ಕಿರುಚಾಟಕ್ಕೆ ಎಲ್ಲರೂ ಎದ್ದೆವು. ಉಡುಗೊರೆಗಳನ್ನು ಅವಳು ಇನ್ನೂ ಮುಟ್ಟಿರಲಿಲ್ಲ. ಕೈಯಲ್ಲಿ ಅರ್ಧ ಟರ್ನಿಪ್.

"ಎಲೆ ತಿನ್ನದೆ ಬಿಟ್ಟಿದೆ! ನಾನು ಹೇಳಿರ್ಲಿಲ್ವಾ!"

ಸಂತೋಷವಾಯಿತು. ಕಾಫಿ ಲೋಟ ಹಿಡಿದು ಮೇಜಿಗೆ ಬಂದು ಕೂತೆ. ಗಡ್ಡೆಯನ್ನು ಕಿಟಕಿಯ ಹತ್ತಿರ ಒಯ್ದು, ಕಚ್ಚಿದ ಜಾಗವನ್ನು ಅವಳು ಪರೀಕ್ಷಿಸುತ್ತಿದ್ದಳು. ಅಪ್ಪ ಕಚ್ಚಿದ್ದನ್ನು ಯಾವತ್ತೂ ಹೀಗೆ ನೋಡಿರಲಿಲ್ಲ.

"ಕುದುರೆಗೆ ಒಂದು ಹಲ್ಲಿಲ್ಲ," ಎಂದಳು.

ಎಲ್ಕ ಬೆಣ್ಣೆ ಸವರುವುದನ್ನು ನಿಲ್ಲಿಸಿದಳು.

"ಇಲ್ಲಿ ನೋಡಿ, ಮಧ್ಯದಲ್ಲಿ ಒಂದು ಗೆರೆ ಹಾಗೇ ನಿಂತಿದೆ. ಈ ಕಡೆ." ಅವಳು ತನ್ನ ಹಲ್ಲು ಮುಟ್ಟಿ ತೋರಿಸಿದಳು. ಮೇಲೆ, ಎಡಗಡೆ. "ಟರ್ನಿಪ್‌ಗೂ ಅಲ್ಲೇ ಇಲ್ಲ."

ನಾನು ಬಾಯಿ ಮುಚ್ಚಿಕೊಂಡೆ. ಯೂನ ನನ್ನ ಎದುರು ಬಂದು ನಿಂತಳು. ಗಡ್ಡೆ ನೋಡಿದಳು, ನನ್ನ ಹುಬ್ಬು ನೋಡಿದಳು, ಮತ್ತೆ ಗಡ್ಡೆ ನೋಡಿದಳು.

"ಅಜ್ಜಾ, ಬಾಯಿ ತೆಗಿ."

ಆಗದೆಂದು ತಲೆಯಾಡಿಸಿದೆ. ಕಾಫಿ ಬಾಯಲ್ಲೇ ಇತ್ತು. ನನ್ನ ಗುಟ್ಟು ಹೋದರೆ ಹೋಗಲಿ, ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗಲಿ, ಮೊದಲಿನ ಹಾಗೆ ನಾಚಿಕೆ ಈಗ ಯಾಕೋ ಇಲ್ಲ. ಆದರೆ ಅದರ ಜೊತೆಗೇ ಕುದುರೆಯೂ ಹೋಗುತ್ತದೆ, ಸಂತನೂ ಹೋಗುತ್ತಾನೆ, ಐದು ವರ್ಷದ ಮಗುವಿನ ಹಬ್ಬದ ಬೆಳಗೂ ಹೋಗುತ್ತದೆ. ಅಳಿಯ ಚಾವಣಿ ನೋಡುತ್ತಿದ್ದ.

ಯೂನ ಅಡುಗೆಮನೆಗೆ ಹೋಗಿ ತಟ್ಟೆಯಲ್ಲಿ ನೀರು ತಂದು, ಟರ್ನಿಪ್ ತಲೆಯನ್ನು ಅದರಲ್ಲಿ ನಿಲ್ಲಿಸಿ, ನನ್ನ ಮುಂದೆಯೇ ಇಟ್ಟಳು. ಪಕ್ಕದ ಕುರ್ಚಿ ಹತ್ತಿ, ಎಲೆಯ ಹತ್ತಿರ ಕಿವಿ ತಂದಳು.

"ಈಗ ಅದು ಮಾತಾಡುತ್ತೆ," ಎಂದಳು. ನನ್ನ ತುಟಿಯ ಮೇಲೆ ಬೆರಳಿಟ್ಟಳು. "ನೀನು ಮಾತಾಡಬೇಡ ಅಜ್ಜಾ. ಯಾರಿಗೂ ಹೇಳಬೇಡ."

ಮಾತು ನಿಲ್ಲಿಸು ಎಂದು ಅನೇಕ ವಿಮರ್ಶಕರು ನನಗೆ ಬರೆದಿದ್ದಾರೆ. ಯಾರ ಮಾತನ್ನೂ ಕೇಳಿರಲಿಲ್ಲ. ಇವತ್ತು ಕೇಳಿದೆ. ಶಾಲೆಗೆ ಹೊತ್ತಾಯಿತೆಂದು ಎಲ್ಕ ಕೂಗುತ್ತಿದ್ದಳು. ಮಾರ್ಲೀಸ್ ಕೋಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ಹೊರಟರು.

ನಾನು ಅಲ್ಲೇ ಕೂತಿದ್ದೆ.